ರಕ್ತ ಪರೀಕ್ಷೆಯ ಚೀಟಿ ಏನು ಹೇಳುತ್ತೆ?



ಎನ್. ಬೇಗೂರು ಕಾಡಂಚಿನ ಊರು. ಬಂಡೀಪುರದ ಕಾಡು ಇಲ್ಲಿಗೆ ದೂರವಲ್ಲ. ರಾತ್ರಿ ಹೊಲಕ್ಕೆ ಆನೆ ಬಂದು ಹೋದರೆ ಬೆಳಿಗ್ಗೆ ನಮಗೆ ಗೊತ್ತಾಗುತ್ತೆ. ಹೇಗೆ ಗೊತ್ತಾಗುತ್ತೆ? ಆನೆಯನ್ನು ನಾವು ಕಣ್ಣಲ್ಲಿ ಕಂಡಿರುವುದಿಲ್ಲ. ಹೆಜ್ಜೆ ಗುರುತು ಕಾಣುತ್ತೆ. ತುಳಿದ ರಾಗಿ ಪೈರು ಕಾಣುತ್ತೆ. ಲದ್ದಿ ಕಾಣುತ್ತೆ. ಗುರುತು ನೋಡಿ 'ಆನೆ ಬಂದಿತ್ತು' ಅಂತ ಹೇಳುತ್ತೇವೆ.

ಎಚ್.ಐ.ವಿ. ರಕ್ತ ಪರೀಕ್ಷೆಯೂ ಹೀಗೆಯೇ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾಡುವ ಪರೀಕ್ಷೆ ರೋಗಾಣುವನ್ನೇ ಹುಡುಕುವುದಿಲ್ಲ. ಅದರ ಗುರುತನ್ನು ಹುಡುಕುತ್ತದೆ. ಈ ಒಂದು ಮಾತು ತಿಳಿದರೆ ಪರೀಕ್ಷೆಯ ಚೀಟಿ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಬನ್ನಿ, ಒಂದೊಂದಾಗಿ ತಿಳಿಯೋಣ.

ಎಚ್.ಐ.ವಿ. ಅಂದರೆ ಏನು?

ಎಚ್.ಐ.ವಿ. ಒಂದು ರೋಗಾಣು. ಕಣ್ಣಿಗೆ ಕಾಣದಷ್ಟು ಸಣ್ಣದು. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳು ಇವೆ. ಅವು ನಮ್ಮ ದೇಹದ ಕಾವಲುಗಾರರು. ಎಚ್.ಐ.ವಿ. ಈ ಕಾವಲುಗಾರರನ್ನೇ ಕೊಲ್ಲುತ್ತಾ ಹೋಗುತ್ತದೆ. ಔಷಧಿ ಮಾಡದೆ ಬಿಟ್ಟರೆ ಕೆಲವು ವರ್ಷಗಳಲ್ಲಿ ಕಾವಲು ಪೂರಾ ಕಡಿಮೆಯಾಗುತ್ತದೆ. ಆಗ ಕ್ಷಯ, ಭೇದಿ, ಬಿಡದ ಜ್ವರ ಹೀಗೆ ಒಂದರ ಮೇಲೊಂದು ಕಾಯಿಲೆ ಬರುತ್ತವೆ. ಆ ಸ್ಥಿತಿಗೆ ಏಡ್ಸ್ ಅನ್ನುತ್ತಾರೆ.

ಎಚ್.ಐ.ವಿ. ಇದ್ದವರೆಲ್ಲರಿಗೂ ಏಡ್ಸ್ ಇರುವುದಿಲ್ಲ. ಸಕಾಲಕ್ಕೆ ಔಷಧಿ ತೆಗೆದುಕೊಂಡರೆ ಏಡ್ಸ್ ಬರದಂತೆ ತಡೆಯಬಹುದು.

ಹೇಗೆ ಬರುತ್ತೆ, ಹೇಗೆ ಬರೋದಿಲ್ಲ?

ಬರುವ ದಾರಿ ನಾಲ್ಕು.

1. ಸೋಂಕು ಇರುವವರ ಜೊತೆ ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ.
2. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚುವುದರಿಂದ.
3. ಸೋಂಕು ಇರುವ ರಕ್ತವನ್ನು ಏರಿಸುವುದರಿಂದ. ರಕ್ತನಿಧಿಯಲ್ಲಿ ಈಗ ಪ್ರತಿ ಬಾಟಲಿ ರಕ್ತವನ್ನೂ ಪರೀಕ್ಷೆ ಮಾಡಿಯೇ ಕೊಡಬೇಕು.
4. ಸೋಂಕು ಇರುವ ತಾಯಿಯಿಂದ ಮಗುವಿಗೆ. ಹೊಟ್ಟೆಯಲ್ಲಿದ್ದಾಗ, ಹೆರಿಗೆಯಲ್ಲಿ, ಇಲ್ಲವೆ ಎದೆಹಾಲಿನಲ್ಲಿ.

ಬರದ ದಾರಿ ನೂರಾರು. ಒಂದೇ ತಟ್ಟೆಯಲ್ಲಿ ಉಂಡರೆ ಬರೋದಿಲ್ಲ. ಒಂದೇ ಲೋಟದಲ್ಲಿ ಕುಡಿದರೆ ಬರೋದಿಲ್ಲ. ಕೈ ಹಿಡಿದರೆ, ತಬ್ಬಿಕೊಂಡರೆ, ತಲೆ ಬಾಚಿದರೆ ಬರೋದಿಲ್ಲ. ಸೊಳ್ಳೆ ಕಚ್ಚಿದರೆ ಬರೋದಿಲ್ಲ. ಒಂದೇ ಕೊಳಾಯಿಯ ನೀರು ಹಿಡಿದರೆ, ಒಂದೇ ಬಸ್ಸಿನ ಸೀಟಿನಲ್ಲಿ ಕೂತರೆ ಬರೋದಿಲ್ಲ. ಇಂಥದ್ದಕ್ಕೆಲ್ಲ ಹೆದರಿ ಯಾರನ್ನೂ ದೂರ ಇಡಬೇಡಿ.

ಅನುಮಾನ ಬಂದರೆ ಮೊದಲು ಏನು ಮಾಡಬೇಕು?

ಒಬ್ಬ ಅಕ್ಕ ಇದ್ದಾಳೆ ಅಂದುಕೊಳ್ಳೋಣ. ಗಂಡ ಕೆಲಸಕ್ಕೆ ಅಂತ ಕೊಡಗಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದಿದ್ದಾನೆ. ಆಮೇಲೆ ಯಾರೋ ಒಂದು ಮಾತು ಹೇಳಿದರು. ಅವಳ ಮನಸ್ಸಿನಲ್ಲಿ ಹುಳ ಬಿತ್ತು. ಅಥವಾ ಯಾರೋ ಒಬ್ಬ ಹೆಣ್ಣಿನ ಮೇಲೆ ಬಲಾತ್ಕಾರ ಮಾಡಿದರು ಅಂದುಕೊಳ್ಳೋಣ. ಅಥವಾ ಆಸ್ಪತ್ರೆಯಲ್ಲಿ ಕಸ ಗುಡಿಸುವಾಗ ಬಳಸಿ ಬಿಸಾಕಿದ ಸೂಜಿ ಕೈಗೆ ಚುಚ್ಚಿತು ಅಂದುಕೊಳ್ಳೋಣ. ಇಂಥ ಹೊತ್ತಿನಲ್ಲಿ ನಾವು ಹೆಣ್ಣುಮಕ್ಕಳು ಏನು ಮಾಡುತ್ತೇವೆ? ಸುಮ್ಮನೆ ಕೂರುತ್ತೇವೆ. 'ಯಾರ ಹತ್ರ ಹೇಳ್ಲಿ, ಏನಂತ ಹೇಳ್ಲಿ' ಅಂತ ಒಳಗೊಳಗೇ ಬೇಯುತ್ತೇವೆ.

ಸುಮ್ಮನೆ ಕೂರಬೇಡಿ. ಇಲ್ಲಿ ಗಂಟೆಯ ಲೆಕ್ಕ ಇದೆ.

ಅಪಾಯ ಆದ ಮೇಲೆ 72 ಗಂಟೆಯ ಒಳಗೆ, ಅಂದರೆ 3 ದಿನದ ಒಳಗೆ, ಶುರು ಮಾಡುವ ಒಂದು ಔಷಧಿ ಇದೆ. ಅದಕ್ಕೆ 'ಪೆಪ್' ಅನ್ನುತ್ತಾರೆ. ರೋಗಾಣು ದೇಹದಲ್ಲಿ ನೆಲೆ ನಿಲ್ಲದ ಹಾಗೆ ಅದು ತಡೆಯುತ್ತದೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 3 ದಿನ ಕಳೆದ ಮೇಲೆ ಶುರು ಮಾಡಿದರೆ ಉಪಯೋಗವಿಲ್ಲ. ಶುರು ಮಾಡಿದ ಮೇಲೆ 28 ದಿನ ತಪ್ಪದೆ ನುಂಗಬೇಕು. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದನ್ನು ವೈದ್ಯರು ನೋಡಿ ಹೇಳುತ್ತಾರೆ.

ಬಲಾತ್ಕಾರಕ್ಕೆ ಒಳಗಾದ ಹೆಣ್ಣಿಗೆ ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ ಪುಕ್ಕಟೆಯಾಗಿ, ಕೂಡಲೇ ಚಿಕಿತ್ಸೆ ಕೊಡಲೇಬೇಕು. ಇದು ಕಾನೂನು. 'ಮೊದಲು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಬಾ' ಅಂತ ಬಾಗಿಲಿಂದ ಹಿಂದಕ್ಕೆ ಕಳಿಸುವಂತಿಲ್ಲ.

ಪರೀಕ್ಷೆ ಎಲ್ಲಿ ಮಾಡುತ್ತಾರೆ?

ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಒಂದು ಕೇಂದ್ರ ಇರುತ್ತದೆ. ಅದಕ್ಕೆ ಐ.ಸಿ.ಟಿ.ಸಿ. ಅನ್ನುತ್ತಾರೆ. ನಮ್ಮ ಕಡೆಯವರು ಕೋಟೆಯ ತಾಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದವರು ಅಲ್ಲಲ್ಲಿಯ ತಾಲೂಕು ಆಸ್ಪತ್ರೆಯಲ್ಲಿ ಕೇಳಬಹುದು. ಮೈಸೂರಿಗೆ ಹೋಗುವವರಿಗೆ ಕೆ.ಆರ್. ಆಸ್ಪತ್ರೆ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 1097 ನಂಬರಿಗೆ ಫೋನ್ ಮಾಡಿ. ಫೋನಿಗೆ ದುಡ್ಡು ಬೀಳೋದಿಲ್ಲ.

ಸರ್ಕಾರಿ ಕೇಂದ್ರದಲ್ಲಿ ಪರೀಕ್ಷೆ ಪುಕ್ಕಟೆ. ಅಲ್ಲಿ ಆಪ್ತ ಸಮಾಲೋಚಕರು ಇರುತ್ತಾರೆ. ಅಂದರೆ ನಿಮ್ಮ ಮಾತನ್ನು ಗುಟ್ಟಾಗಿ ಕೇಳಿ, ಸಲಹೆ ಹೇಳುವವರು. ಮೊದಲು ಅವರು ನಿಮ್ಮ ಜೊತೆ ಮಾತಾಡುತ್ತಾರೆ. ಯಾವ ಪರೀಕ್ಷೆ, ಯಾಕೆ ಮಾಡುತ್ತಾರೆ ಅಂತ ಹೇಳುತ್ತಾರೆ. ನೀವು ಒಪ್ಪಿದ ಮೇಲೆ ರಕ್ತ ತೆಗೆಯುತ್ತಾರೆ. ಫಲಿತಾಂಶ ಸಾಮಾನ್ಯವಾಗಿ ಆ ದಿನವೇ ಸಿಗುತ್ತದೆ. ಕಾದಿದ್ದು ತೆಗೆದುಕೊಂಡೇ ಬನ್ನಿ. ರಕ್ತ ಕೊಟ್ಟು, ಚೀಟಿ ತೆಗೆದುಕೊಳ್ಳದೆ ಬಸ್ಸಿಗೆ ಹೊತ್ತಾಯಿತು ಅಂತ ಬಂದುಬಿಟ್ಟರೆ ಹೋದ ಕೆಲಸ ಅರ್ಧಕ್ಕೇ ನಿಂತ ಹಾಗೆ.

ಚೀಟಿ ಕೈಗೆ ಬಂದಾಗ

ನಾವು ಈಗ ಓದು ಕಲಿತಿದ್ದೇವೆ. ಚೀಟಿ ಕೈಗೆ ಬಂದ ಕೂಡಲೇ ಮೂರು ವಿಷಯ ನೋಡಿಕೊಳ್ಳೋಣ. ಹೆಸರು ನಮ್ಮದೇ ತಾನೆ? ವಯಸ್ಸು ಸರಿ ಇದೆಯೆ? ತಾರೀಕು ಇಂದಿನದೆ? ಒಂದೇ ಹೆಸರಿನವರು ಇಬ್ಬರು ಮೂವರು ಬಂದಿರುತ್ತಾರೆ. ಚೀಟಿ ಅದಲು ಬದಲಾಗಬಾರದು.

ಚೀಟಿ ಇಂಗ್ಲಿಷಿನಲ್ಲಿ ಇದ್ದರೆ ಸಮಾಲೋಚಕರ ಹತ್ತಿರವೇ 'ಓದಿ ಹೇಳಿ' ಅಂತ ಕೇಳಿ. ಅರ್ಥ ಆಗದಿದ್ದರೆ ಇನ್ನೊಂದು ಸಲ ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಬಸ್ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸಬೇಡಿ. ಇದು ನಿಮ್ಮ ಗುಟ್ಟು. ಯಾರಿಗೆ ಹೇಳಬೇಕು ಅನ್ನುವುದನ್ನು ನೀವೇ ತೀರ್ಮಾನಿಸಬೇಕು.

ಚೀಟಿಯಲ್ಲಿ ಬರುವ ಮಾತು ಮೂರು ತರಹ.

'ನೆಗೆಟಿವ್' ಅಥವಾ 'ನಾನ್ ರಿಯಾಕ್ಟಿವ್' ಅಂದರೆ ಗುರುತು ಕಾಣಲಿಲ್ಲ.
'ಪಾಸಿಟಿವ್' ಅಂದರೆ ಗುರುತು ಕಂಡಿತು, ಖಚಿತವಾಯಿತು.
'ಇಂಡಿಟರ್ಮಿನೇಟ್' ಅಂದರೆ ಇನ್ನೂ ಸ್ಪಷ್ಟವಾಗಿಲ್ಲ.

ಬರೀ 'ರಿಯಾಕ್ಟಿವ್' ಅಂತ ಒಂದು ಪರೀಕ್ಷೆಯಲ್ಲಿ ಬಂದರೆ ಅದು ಕೊನೆಯ ಮಾತಲ್ಲ. ಯಾಕೆ ಅಂತ ಮುಂದೆ ನೋಡೋಣ.

ಇಲ್ಲಿ ಒಂದು ಎಚ್ಚರಿಕೆ. ನಮಗೆ 'ಪಾಸಿಟಿವ್' ಅಂದರೆ ಒಳ್ಳೆಯದು, 'ನೆಗೆಟಿವ್' ಅಂದರೆ ಕೆಟ್ಟದ್ದು ಅಂತ ಅನ್ನಿಸಬಹುದು. ಚೀಟಿಯಲ್ಲಿ ಹಾಗಲ್ಲ. ಪಾಸಿಟಿವ್ ಅಂದರೆ ಸೋಂಕು ಇದೆ. ನೆಗೆಟಿವ್ ಅಂದರೆ ಸೋಂಕಿನ ಗುರುತು ಇಲ್ಲ.

ನೆಗೆಟಿವ್ ಬಂದರೆ ಎಲ್ಲ ಮುಗಿಯಿತೆ?

ಮುಗಿಯಿತು ಅಂತ ಕೂಡಲೇ ಹೇಳುವಂತಿಲ್ಲ. ಯಾವಾಗ ಪರೀಕ್ಷೆ ಮಾಡಿಸಿದಿರಿ ಅನ್ನುವುದನ್ನು ನೋಡಬೇಕು.

ರಾಗಿ ಬಿತ್ತಿದ ಮರುದಿನವೇ ಹೊಲಕ್ಕೆ ಹೋಗಿ ನೋಡಿದರೆ ಏನು ಕಾಣುತ್ತೆ? ಬರೀ ಮಣ್ಣು. ಹಾಗಂತ ಬೀಜ ಬಿದ್ದಿಲ್ಲ ಅಂತ ಹೇಳಬಹುದೆ? ಮೊಳಕೆ ಮೇಲೆ ಬರೋದಕ್ಕೆ ದಿನ ಬೇಕು.

ಇದೂ ಹಾಗೆಯೇ. ರೋಗಾಣು ಒಳಗೆ ಬಂದ ಮೇಲೆ ನಮ್ಮ ದೇಹ ಅದರ ವಿರುದ್ಧ ಹೋರಾಡಲು ಒಂದು ಬಗೆಯ ವಸ್ತುವನ್ನು ತಯಾರು ಮಾಡುತ್ತದೆ. ಅದಕ್ಕೆ ಪ್ರತಿಕಾಯ ಅಂತ ಹೆಸರು. ಪರೀಕ್ಷೆಯ ಕಿಟ್ಟು ಹುಡುಕುವ ಗುರುತು ಇದೇ. ಪ್ರತಿಕಾಯ ತಯಾರಾಗಲು ದಿನ ಹಿಡಿಯುತ್ತದೆ. ಬಹಳಷ್ಟು ಜನರಲ್ಲಿ 4ರಿಂದ 6 ವಾರದಲ್ಲಿ ಕಾಣುತ್ತದೆ. ಕೆಲವರಲ್ಲಿ 3 ತಿಂಗಳವರೆಗೂ ತಡವಾಗಬಹುದು.

ರೋಗಾಣು ಒಳಗೆ ಇದೆ, ಗುರುತು ಇನ್ನೂ ಮೂಡಿಲ್ಲ. ಈ ನಡುವಿನ ದಿನಗಳಿಗೆ ಆಸ್ಪತ್ರೆಯವರು 'ವಿಂಡೋ ಪೀರಿಯಡ್' ಅನ್ನುತ್ತಾರೆ. ನಾವು 'ಕಾಣದ ಕಾಲ' ಅನ್ನೋಣ. ಕಾಣದ ಕಾಲದಲ್ಲಿ ಪರೀಕ್ಷೆ ಮಾಡಿದರೆ ಸೋಂಕು ಇದ್ದರೂ ಚೀಟಿಯಲ್ಲಿ ನೆಗೆಟಿವ್ ಅಂತಲೇ ಬರಬಹುದು. ಕಿಟ್ಟಿನದ್ದು ತಪ್ಪಲ್ಲ. ನಾವು ನೋಡಿದ್ದು ಬೇಗ ಆಯಿತು, ಅಷ್ಟೆ.

ಹಾಗಾದರೆ ಅಪಾಯ ಆದ ಕೂಡಲೇ ಪರೀಕ್ಷೆ ಯಾಕೆ ಮಾಡುತ್ತಾರೆ? ಮೊದಲೇ ಸೋಂಕು ಇತ್ತೋ ಏನೋ ತಿಳಿಯಲು. ಆ ಪರೀಕ್ಷೆ ಹಳೆಯದನ್ನು ಹೇಳುತ್ತದೆ. ಮೊನ್ನೆ ಆದದ್ದನ್ನು ಹೇಳುವುದಿಲ್ಲ. ಅದಕ್ಕೇ ಮತ್ತೆ ಮಾಡಿಸಬೇಕು.

ಬನ್ನಿ, ಲೆಕ್ಕ ಹಾಕೋಣ

ಕ್ಯಾಲೆಂಡರ್ ತೆಗೆದುಕೊಳ್ಳಿ.

ಜನವರಿ 10ರಂದು ರಾತ್ರಿ 9 ಗಂಟೆಗೆ ಅಪಾಯ ಆಯಿತು ಅಂದುಕೊಳ್ಳೋಣ.

ಪೆಪ್ ಔಷಧಿ ಶುರು ಮಾಡಲು ಕೊನೆಯ ಹೊತ್ತು: ಜನವರಿ 13ರ ರಾತ್ರಿ 9 ಗಂಟೆ.
6 ವಾರ ಆಗುವ ದಿನ: ಫೆಬ್ರವರಿ 21.
3 ತಿಂಗಳು ಆಗುವ ದಿನ: ಏಪ್ರಿಲ್ 10.

ಫೆಬ್ರವರಿ 21ರಂದು ನೆಗೆಟಿವ್ ಬಂದರೆ ಅರ್ಧ ಸಮಾಧಾನ ಪಡಬಹುದು. ಏಪ್ರಿಲ್ 10 ಕಳೆದ ಮೇಲೂ ನೆಗೆಟಿವ್ ಬಂದರೆ ಆ ಜನವರಿ 10ರ ಭಯವನ್ನು ಬಿಟ್ಟುಬಿಡಬಹುದು.

ಆದರೆ ನಡುವೆ ಫೆಬ್ರವರಿ 1ರಂದು ಮತ್ತೆ ಅಪಾಯ ಆಯಿತು ಅನ್ನಿ. ಆಗ ಲೆಕ್ಕ ಮೊದಲಿಂದ ಶುರು. 3 ತಿಂಗಳು ಎಣಿಸುವುದು ಕೊನೆಯ ಸಲ ಅಪಾಯ ಆದ ದಿನದಿಂದ. ಅಂದರೆ ಮೇ 1ರವರೆಗೆ ಕಾಯಬೇಕು.

ಪೆಪ್ ಔಷಧಿ ತೆಗೆದುಕೊಂಡವರಲ್ಲಿ ಗುರುತು ಮೂಡುವುದು ತಡವಾಗಬಹುದು. ಅವರ ಲೆಕ್ಕ ಬೇರೆ. ಔಷಧಿ ಮುಗಿದ ಮೇಲೆ ವೈದ್ಯರು ಯಾವ ಯಾವ ದಿನ ಬರಲು ಹೇಳುತ್ತಾರೋ ಆ ದಿನ ಹೋಗಬೇಕು.

ಮನೆಯಲ್ಲಿ ಎಲ್ಲರೂ ಕ್ಯಾಲೆಂಡರ್ ನೋಡುತ್ತಾರಲ್ಲ ಅಂತ ಚಿಂತೆ ಬೇಡ. ತಾರೀಕಿನ ಮೇಲೆ ಒಂದು ಸಣ್ಣ ಚುಕ್ಕೆ ಇಡಿ. ಅದು ಏನು ಅಂತ ನಿಮಗೆ ಗೊತ್ತಿದ್ದರೆ ಸಾಕು.

ಈ ಕಾಯುವ ದಿನಗಳಲ್ಲಿ ಎರಡು ಮಾತು ಮರೆಯಬಾರದು. ಕಾಣದ ಕಾಲದಲ್ಲೂ ಸೋಂಕು ಇನ್ನೊಬ್ಬರಿಗೆ ಹರಡಬಹುದು. ಆದ್ದರಿಂದ ಕಾಂಡೋಮ್ ಬಳಸಬೇಕು. ರಕ್ತದಾನ ಮಾಡಬಾರದು. ಎದೆಹಾಲು ಕುಡಿಸುವ ತಾಯಿ ಕೂಡಲೇ ವೈದ್ಯರಿಗೆ ತಿಳಿಸಬೇಕು. ತಾನಾಗಿಯೇ ಹಾಲು ಬಿಡಿಸಬಾರದು.

'ನಂಗೆ ಜ್ವರ ಬಂತು, ಮೈಮೇಲೆ ಗಂಧೆ ಬಂತು, ಅದೇ ಇರ್ಬೇಕು ಕಣಕ್ಕ' ಅಂತ ಕೆಲವರು ಕೊರಗುತ್ತಾರೆ. 'ನಾನು ಗಟ್ಟಿಮುಟ್ಟಾಗಿದ್ದೀನಿ, ನಂಗೇನೂ ಇಲ್ಲ' ಅಂತ ಕೆಲವರು ಸುಮ್ಮನಿರುತ್ತಾರೆ. ಎರಡೂ ಸರಿಯಲ್ಲ. ಜ್ವರ ನೂರು ಕಾರಣಕ್ಕೆ ಬರುತ್ತದೆ. ಎಚ್.ಐ.ವಿ. ಇರುವವರು ಎಷ್ಟೋ ವರ್ಷ ಏನೂ ತೊಂದರೆ ಇಲ್ಲದೆ ಓಡಾಡಿಕೊಂಡು ಇರುತ್ತಾರೆ. ಮುಖ ನೋಡಿ, ಮೈ ನೋಡಿ ಹೇಳಲು ಆಗುವುದಿಲ್ಲ. ರಕ್ತ ಪರೀಕ್ಷೆ ಒಂದೇ ದಾರಿ.

ಒಂದು ಪರೀಕ್ಷೆ ಸಾಲದು ಯಾಕೆ?

ಸಂಜೆಯ ಮಬ್ಬಿನಲ್ಲಿ ದಾರಿಯ ಮೇಲೆ ಒಂದು ಹೆಜ್ಜೆ ಕಂಡಿತು. ಒಬ್ಬರು 'ಚಿರತೆ ಬಂದಿದೆ' ಅಂತ ಕೂಗಿದರು. ಹತ್ತಿರ ಹೋಗಿ ಮೂರು ಜನ ನೋಡಿದರೆ ಅದು ನಾಯಿಯ ಹೆಜ್ಜೆ! ಹೀಗಾಗುವುದು ಉಂಟಲ್ಲ?

ಪರೀಕ್ಷೆಯ ಕಿಟ್ಟು ಕೂಡ ಅಪರೂಪಕ್ಕೆ ಬೇರೆ ಗುರುತನ್ನು ಎಚ್.ಐ.ವಿ. ಗುರುತು ಅಂತ ತೋರಿಸಬಹುದು. ಅದಕ್ಕೇ ಮೊದಲ ಪರೀಕ್ಷೆಯಲ್ಲಿ ಗುರುತು ಕಂಡರೆ ಇನ್ನೂ ಎರಡು ಬೇರೆ ಬೇರೆ ಬಗೆಯ ಕಿಟ್ಟಿನಲ್ಲಿ ನೋಡುತ್ತಾರೆ. ಮೂರರಲ್ಲೂ ಕಂಡರೆ ಮಾತ್ರ 'ಪಾಸಿಟಿವ್' ಅಂತ ಬರೆದುಕೊಡುತ್ತಾರೆ. ಒಂದೊಂದರಲ್ಲಿ ಒಂದೊಂದು ತರಹ ಬಂದು ಸ್ಪಷ್ಟವಾಗದಿದ್ದರೆ 2ರಿಂದ 4 ವಾರ ಬಿಟ್ಟು ಬರಲು ಹೇಳುತ್ತಾರೆ. ತಪ್ಪದೆ ಹೋಗಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಊರಿನ ಶಿಬಿರದಲ್ಲಿ ಬೆರಳು ಚುಚ್ಚಿ ಒಂದೇ ಪರೀಕ್ಷೆ ಮಾಡಿರುತ್ತಾರೆ. ಅಲ್ಲಿ 'ರಿಯಾಕ್ಟಿವ್' ಬಂದರೆ ದೊಡ್ಡ ಕೇಂದ್ರಕ್ಕೆ ಹೋಗಿ ಖಚಿತ ಮಾಡಿಕೊಳ್ಳಬೇಕು. ಖಾಸಗಿ ಲ್ಯಾಬಿನಲ್ಲಿ ಒಂದೇ ಪರೀಕ್ಷೆ ಆಗಿದ್ದರೂ ಹೀಗೇ ಮಾಡಬೇಕು. ಅಷ್ಟರಲ್ಲೇ ಎದೆ ಒಡೆದುಕೊಳ್ಳಬೇಡಿ. ಅಷ್ಟರಲ್ಲೇ ಯಾರಿಗೂ ಸಾರಬೇಡಿ.

ನಮ್ಮ ದೇಶದಲ್ಲಿ ಮೊದಲ ಪರೀಕ್ಷೆ

ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಈಗ ಆ ಊರಿಗೆ ಚೆನ್ನೈ ಅನ್ನುತ್ತೇವೆ. ಪತ್ತೆ ಮಾಡಿದವರು ಇಬ್ಬರು ಹೆಂಗಸರು. ಒಬ್ಬರು ಡಾ. ಸುನೀತಿ ಸಾಲೋಮನ್. ಇನ್ನೊಬ್ಬರು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ. ಆಗ ಬಹಳ ಜನ 'ಈ ರೋಗ ನಮ್ಮ ದೇಶದಲ್ಲಿ ಎಲ್ಲಿದೆ?' ಅನ್ನುತ್ತಿದ್ದರು. ನಿರ್ಮಲಾ ಅವರು ಲೈಂಗಿಕ ವೃತ್ತಿಯ ಹೆಂಗಸರಿಂದ ರಕ್ತ ತೆಗೆದರು. ಅದನ್ನು ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿದರು. 6 ಜನರ ರಕ್ತದಲ್ಲಿ ಗುರುತು ಕಂಡಿತು.

ಅವರು ಕೂಡಲೇ ಅದನ್ನು ನಂಬಿದರೆ? ಇಲ್ಲ. ಇನ್ನೊಂದು ಸಲ ಪರೀಕ್ಷೆ ಮಾಡಿದರು. ಅಮೆರಿಕಕ್ಕೂ ಕಳಿಸಿ ಖಚಿತ ಮಾಡಿಕೊಂಡರು. ಆಮೇಲೇ ಸುದ್ದಿ ಹೊರಗೆ ಬಂತು. ಕಲಿತ ಡಾಕ್ಟರುಗಳೇ ಒಂದು ಪರೀಕ್ಷೆಯನ್ನು ನಂಬಿ ಕೂರಲಿಲ್ಲ. ನಾವೂ ಕೂರಬಾರದು.

ಇನ್ನೊಂದು ಮಾತು. ಆಗ ರಕ್ತ ಕೊಟ್ಟ ಹೆಂಗಸರಿಗೆ ಯಾವ ಪರೀಕ್ಷೆ ಅಂತ ತಿಳಿಸಿರಲಿಲ್ಲ. ಈಗ ಹಾಗೆ ಮಾಡುವಂತಿಲ್ಲ. ತಿಳಿಸಬೇಕು, ಒಪ್ಪಿಗೆ ಕೇಳಬೇಕು. ಕಾನೂನು ಬದಲಾಗಿದೆ.

ಪಾಸಿಟಿವ್ ಅಂತ ಖಚಿತವಾದರೆ?

ಲೋಕವೇ ಮುಳುಗಿತು ಅಂತ ಅನ್ನಿಸುತ್ತದೆ. ಅಳು ಬರುತ್ತದೆ. ಅಳಿ. ಆದರೆ ಅಲ್ಲೇ ನಿಲ್ಲಬೇಡಿ.

ಎಚ್.ಐ.ವಿ.ಯನ್ನು ಪೂರಾ ವಾಸಿ ಮಾಡುವ ಔಷಧಿ ಇನ್ನೂ ಎಲ್ಲರ ಕೈಗೆ ಬಂದಿಲ್ಲ. ಆದರೆ ಅದನ್ನು ಹತೋಟಿಯಲ್ಲಿ ಇಡುವ ಒಳ್ಳೆಯ ಔಷಧಿ ಇದೆ. ಅದಕ್ಕೆ ಎ.ಆರ್.ಟಿ. ಅನ್ನುತ್ತಾರೆ. 2004ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಸರ್ಕಾರ ಇದನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಮೊದಲು ಕಾವಲು ಕಣ ಇಷ್ಟು ಕಡಿಮೆಯಾಗಲಿ, ಆಮೇಲೆ ಔಷಧಿ ಅನ್ನುತ್ತಿದ್ದರು. 2017ರಿಂದ ಆ ಪದ್ಧತಿ ಇಲ್ಲ. ಸೋಂಕು ಖಚಿತವಾದವರೆಲ್ಲರಿಗೂ ಬೇಗನೆ ಔಷಧಿ ಶುರು ಮಾಡುತ್ತಾರೆ.

ಈ ಮಾತ್ರೆಯನ್ನು ದಿನವೂ, ಬದುಕಿರುವವರೆಗೂ ನುಂಗಬೇಕು. ಮೈ ಸರಿಯಾಯಿತು ಅಂತ ಬಿಡಬಾರದು. ನಾಟಿ ಔಷಧಿ ಕೊಡುತ್ತೇನೆ, ಇದನ್ನು ಬಿಡು ಅನ್ನುವವರ ಮಾತು ಕೇಳಬಾರದು. ಬಿಟ್ಟರೆ ರೋಗಾಣು ಮತ್ತೆ ಹೆಚ್ಚುತ್ತದೆ. ತಪ್ಪದೆ ನುಂಗಿದರೆ ರಕ್ತದಲ್ಲಿ ರೋಗಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೇ ಕಡಿಮೆಯಾಗಿ ಉಳಿದರೆ ಲೈಂಗಿಕ ಸಂಪರ್ಕದಿಂದ ಗಂಡನಿಗೋ ಹೆಂಡತಿಗೋ ಹರಡುವುದಿಲ್ಲ. ಕೂಲಿ ಮಾಡಿಕೊಂಡು, ಮಕ್ಕಳನ್ನು ಓದಿಸಿಕೊಂಡು, ಮೊಮ್ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ಬಾಳಬಹುದು.

ಮೈಸೂರಿನಲ್ಲಿ ಆಶೋದಯ ಸಮಿತಿ ಅಂತ ಒಂದು ಸಂಘ ಇದೆ. ಲೈಂಗಿಕ ವೃತ್ತಿಯಲ್ಲಿ ಇರುವವರೇ ಸೇರಿ ನಡೆಸುವ ಸಂಘ. ಎಲ್ಲರೂ ದೂರ ತಳ್ಳಿದವರು ತಾವೇ ಒಬ್ಬರಿಗೊಬ್ಬರು ಜೊತೆಯಾದರು. ಪರೀಕ್ಷೆಗೆ, ಔಷಧಿಗೆ ಒಬ್ಬರು ಇನ್ನೊಬ್ಬರ ಕೈ ಹಿಡಿದರು. ನಮ್ಮ ಊರಿನ ಸ್ತ್ರೀಶಕ್ತಿ ಸಂಘದಲ್ಲೂ ಇಂಥ ಒಂದು ಕೈ ಯಾಕೆ ಇರಬಾರದು?

ಗರ್ಭಿಣಿ ಮತ್ತು ಮಗು

ಗರ್ಭಿಣಿಯರಿಗೆಲ್ಲ ಎಚ್.ಐ.ವಿ. ಪರೀಕ್ಷೆ ಮಾಡಿಸಲು ಹೇಳುತ್ತಾರೆ. 'ನನ್ನ ಮೇಲೆ ಅನುಮಾನವಾ?' ಅಂತ ಸಿಟ್ಟು ಮಾಡಬೇಡಿ. ಎಲ್ಲರಿಗೂ ಹೇಳುತ್ತಾರೆ. ಇದು ಮಗುವಿಗಾಗಿ.

ತಾಯಿಗೆ ಸೋಂಕು ಇದ್ದು ಔಷಧಿ ತೆಗೆದುಕೊಳ್ಳದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ಬರಬಹುದು. ತಾಯಿ ಸರಿಯಾಗಿ ಔಷಧಿ ತೆಗೆದುಕೊಂಡು, ಹುಟ್ಟಿದ ಮಗುವಿಗೂ ಔಷಧಿ ಕೊಟ್ಟರೆ ಇದು 100ಕ್ಕೆ 5ಕ್ಕಿಂತ ಕಡಿಮೆಯಾಗುತ್ತದೆ. ಒಂದು ಪರೀಕ್ಷೆಯಿಂದ ಎಷ್ಟು ಮಕ್ಕಳು ಉಳಿಯುತ್ತವೆ ನೋಡಿ.

ಮಗುವಿನ ಚೀಟಿ ಓದುವಾಗ ಇನ್ನೊಂದು ವಿಷಯ ತಿಳಿದಿರಬೇಕು. ತಾಯಿಯ ರಕ್ತದ ಪ್ರತಿಕಾಯ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಹೋಗಿರುತ್ತದೆ. ಸುಮಾರು 18 ತಿಂಗಳವರೆಗೂ ಅದು ಮಗುವಿನ ರಕ್ತದಲ್ಲಿ ಇರಬಹುದು. ಆಗ ಮಾಮೂಲಿ ಪರೀಕ್ಷೆ ಮಾಡಿದರೆ ಕಾಣುವುದು ತಾಯಿಯ ಗುರುತು. ಮಗುವಿಗೆ ಸೋಂಕು ಇಲ್ಲದಿದ್ದರೂ 'ಇದೆ' ಅಂತ ತೋರಿಸಬಹುದು. ಅದಕ್ಕೇ ಹಸುಗೂಸಿಗೆ ಬೇರೆ ಪರೀಕ್ಷೆ ಇದೆ. ಅದು ರೋಗಾಣುವನ್ನೇ ಹುಡುಕುತ್ತದೆ. ಮಗುವಿಗೆ 6 ವಾರ ತುಂಬಿದಾಗ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಮಾಡುತ್ತಾರೆ. ಆಮೇಲೂ ಕರೆದಾಗಲೆಲ್ಲ ಹೋಗಬೇಕು. ಕೊನೆಯ ತೀರ್ಮಾನ 18 ತಿಂಗಳು ತುಂಬಿದ ಮೇಲೆ.

ಚೀಟಿ ಹೇಳದ ಮಾತು

ಚೀಟಿ ಸೋಂಕು ಇದೆಯೋ ಇಲ್ಲವೋ ಅಂತ ಹೇಳುತ್ತದೆ. ಯಾವಾಗ ಬಂತು ಅಂತ ಹೇಳುವುದಿಲ್ಲ. ಯಾರಿಂದ ಬಂತು ಅಂತ ಹೇಳುವುದಿಲ್ಲ. ಈ ಹೆಂಗಸು ಎಂಥವಳು ಅಂತ ಹೇಳುವುದೇ ಇಲ್ಲ.

ನಮ್ಮಲ್ಲಿ ಎಷ್ಟೋ ಸಲ ಹೆಂಡತಿಗೇ ಮೊದಲು ಪರೀಕ್ಷೆ ಆಗುತ್ತದೆ. ಬಸುರಿ ಆದಾಗ ಆಗುತ್ತದೆ. ಅವಳ ಚೀಟಿ ಮೊದಲು ಬಂತು ಅಂತ 'ನೀನೇ ತಂದೆ' ಅನ್ನುತ್ತಾರೆ. ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಗಂಡ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಇದು ನ್ಯಾಯವೆ? ಮೊದಲು ಗೊತ್ತಾದದ್ದು ಬೇರೆ, ಮೊದಲು ಬಂದದ್ದು ಬೇರೆ.

ಒಬ್ಬರ ಚೀಟಿ ಇನ್ನೊಬ್ಬರಿಗೆ ಆಗುವುದೂ ಇಲ್ಲ. ಹೆಂಡತಿಗೆ ನೆಗೆಟಿವ್ ಬಂದರೆ ಗಂಡನಿಗೂ ಇಲ್ಲ ಅಂತ ಅರ್ಥವಲ್ಲ. ಗಂಡನಿಗೆ ಪಾಸಿಟಿವ್ ಬಂದರೆ ಹೆಂಡತಿಗೂ ಇದೆ ಅಂತ ಅರ್ಥವಲ್ಲ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇರಬಹುದು. ಇಬ್ಬರೂ ಮಾಡಿಸಿಕೊಳ್ಳಬೇಕು.

ಕಾನೂನು ನಮ್ಮ ಜೊತೆಗಿದೆ

2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ಬಗ್ಗೆ ಒಂದು ಕಾನೂನು ಆಯಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಅದು ಏನು ಹೇಳುತ್ತೆ?

ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ.
ಫಲಿತಾಂಶವನ್ನು ಊರಿಗೆಲ್ಲ ಹೇಳುವಂತಿಲ್ಲ.
ಸೋಂಕು ಇದೆ ಅಂತ ಕೆಲಸದಿಂದ ತೆಗೆಯುವಂತಿಲ್ಲ. ಮಗುವನ್ನು ಶಾಲೆಯಿಂದ ಬಿಡಿಸುವಂತಿಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರಾಕರಿಸುವಂತಿಲ್ಲ.
ಸೋಂಕು ಇರುವ ಹೆಣ್ಣನ್ನು ವಾಸವಿರುವ ಮನೆಯಿಂದ ಹೊರಗೆ ಹಾಕುವಂತಿಲ್ಲ.

ಗಂಡನಿಗೆ ತಿಳಿದರೆ ಹೊಡೆಯುತ್ತಾನೆ, ಬಿಟ್ಟುಬಿಡುತ್ತಾನೆ ಅನ್ನುವ ಭಯ ಇದ್ದರೆ ಅದನ್ನು ಸಮಾಲೋಚಕರಿಗೆ ಬಿಚ್ಚಿ ಹೇಳಿ. ಅಂಥ ಭಯ ಇರುವ ಹೆಂಗಸಿನ ವಿಷಯವನ್ನು ಅವರು ಗಂಡನಿಗೆ ತಾವಾಗಿ ತಿಳಿಸುವಂತಿಲ್ಲ. ಹೇಗೆ ಹೇಳುವುದು, ಯಾವಾಗ ಹೇಳುವುದು ಅಂತ ನಿಮ್ಮ ಜೊತೆ ಕೂತು ಯೋಚಿಸುತ್ತಾರೆ.

ನೆನಪಿಡೋಣ

ಅಪಾಯ ಆದರೆ 3 ದಿನದ ಒಳಗೆ ಆಸ್ಪತ್ರೆಗೆ ಹೋಗೋಣ. ಆದಷ್ಟು ಬೇಗ ಹೋಗೋಣ.
ಬೇಗ ಬಂದ ನೆಗೆಟಿವ್ ಕೊನೆಯ ಮಾತಲ್ಲ. 3 ತಿಂಗಳು ಕಳೆದ ಮೇಲೆ ಮತ್ತೆ ನೋಡೋಣ.
ಒಂದೇ ಪರೀಕ್ಷೆಯ ರಿಯಾಕ್ಟಿವ್ ಕೊನೆಯ ಮಾತಲ್ಲ. ಮೂರು ಪರೀಕ್ಷೆ ಆಗಲಿ.
ಖಚಿತವಾದರೆ ಔಷಧಿ ಇದೆ, ಪುಕ್ಕಟೆ ಇದೆ, ಬದುಕು ಇದೆ.
ಚೀಟಿ ನಮ್ಮದು. ಗುಟ್ಟು ನಮ್ಮದು.
ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡೋಣ.

ಓದಿ, ಮಾತಾಡೋಣ

1. ಮಾರ್ಚ್ 5ರಂದು ಅಪಾಯ ಆದರೆ 3 ತಿಂಗಳು ಆಗುವುದು ಯಾವ ದಿನ? ಕ್ಯಾಲೆಂಡರ್ ನೋಡಿ ಹೇಳಿ.
2. ಹೆಂಡತಿಗೆ ನೆಗೆಟಿವ್ ಬಂದಿದೆ. ಗಂಡ 'ನಂಗೆ ಪರೀಕ್ಷೆ ಬೇಡ' ಅನ್ನುತ್ತಾನೆ. ನೀವು ಏನು ಹೇಳುತ್ತೀರಿ?
3. ಪಕ್ಕದ ಮನೆಯ ಸೊಸೆಗೆ ಸೋಂಕು ಇದೆ ಅಂತ ಸುದ್ದಿ ಬಂದಿದೆ. ಅವಳನ್ನು ನೀರಿನ ಸಾಲಿನಲ್ಲಿ ದೂರ ನಿಲ್ಲಿಸುತ್ತಿದ್ದಾರೆ. ನಾವು ಏನು ಮಾಡೋಣ?